ಹೊಸ ಗಿಟಾರಿಗೂ ಅರ ಬೇಕೇ?

ತಡಸ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಹುಡುಗನ ಬೆನ್ನಿಗೆ ಹೊಸ ಎಲೆಕ್ಟ್ರಿಕ್ ಗಿಟಾರ್. ದೊಡ್ಡ ಹೆಸರಿನದೇ. ಆದರೂ ಫ್ರೆಟ್ಟಿನ (ಕತ್ತಿನ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ) ತುದಿಗಳು ಬೆರಳು ಗೀರುತ್ತವಂತೆ, ರಿಪೇರಿಗೆ ಹೊರಟಿದ್ದಾನೆ.

ಒಣಹವೆಗೆ ಮರ ಕುಗ್ಗುತ್ತದೆ, ಲೋಹ ಹಾಗೇ ಉಳಿದು ಹೊರಚಾಚುತ್ತದೆ. ಮರ ಚೆನ್ನಾಗಿ ಒಣಗಿ ಹದಗೊಂಡಿದ್ದರೆ, ತುದಿಗಳಿಗೆ ಅರ ಹಾಕಿ ನುಣುಪು ಮಾಡಿದ್ದರೆ ಈ ಕಾಟ ಕಡಿಮೆ. ಅದು ಸಮಯ ತಿನ್ನುವ ಕೈಗೆಲಸ. (ಬೆರಳಾಡಿಸುವ ಆ ಹಲಗೆಗೆ ನಮ್ಮ ಘಟ್ಟದ ಬೀಟೆಯೂ ಹೋಗುತ್ತದೆ ಎನ್ನುವುದು ಬೇರೆ ತಮಾಷೆ!)

ದೊಡ್ಡ ಹೆಸರಿನವರ ಗುಣಮಟ್ಟ ಜಾರುವ ಈ ರೋಗ ಹಳೆಯದೇ. 1965ರಲ್ಲಿ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್, ಗಿಟಾರ್ ತಯಾರಿಸುವ ಫೆಂಡರನ್ನು ಕೊಂಡ ಮೇಲೆ ಗುಣಮಟ್ಟ ಇಳಿಯಿತೆಂಬ ಗೊಣಗಾಟ ಇನ್ನೂ ನಿಂತಿಲ್ಲ. ಅದಕ್ಕಿಂತ ಮುಂಚಿನ ಗಿಟಾರುಗಳ ಬೆಲೆಯೇ ಬೇರೆ. 1985ರಲ್ಲಿ ಫೆಂಡರಿನ ಆಗಿನ ಮುಖ್ಯಸ್ಥ ಬಿಲ್ ಶುಲ್ಟ್ಸ್ ಮುಂದಾಳತ್ವದಲ್ಲಿ ನೌಕರರು, ಹೂಡಿಕೆದಾರರು ಕಂಪನಿಯನ್ನು ಬಿಡಿಸಿಕೊಂಡರು.

ನಿಮ್ಮ ಹೊಸ ಗಿಟಾರ್ ಡಬ್ಬಿಯಿಂದ ಹೇಗೆ ಹೊರಬಂತು?