ಗಲ್ಲಾಪೆಟ್ಟಿಗೆಯ ಆಚೆಗಿನ ಲೆಕ್ಕ

ಕುಂದಾಪುರದ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರ ಮುಂದೆ ‘ಯೋಜನೆ’ ಎಂಬ ಮಾತೆತ್ತಿದರೆ ನಕ್ಕಾರು. ಯೋಜನೆ ಸರ್ಕಾರದ ಕೆಲಸ; ತಮ್ಮದು ವ್ಯಾಪಾರ. ಬೆಳಿಗ್ಗೆ ಬಾಗಿಲು ತೆರೆಯಬೇಕು, ರಾತ್ರಿ ಲೆಕ್ಕ ನೋಡಿ ಮುಚ್ಚಬೇಕು.

ಆದರೆ ಅದೇ ಅಂಗಡಿಕಾರರು ಮೇ ತಿಂಗಳಲ್ಲೇ ಕೊಡೆ, ಟಾರ್ಪಾಲು ತರಿಸಿಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಗಂಗೊಳ್ಳಿ ಕಡೆಯ ಗಿರಾಕಿಗಳ ಉದ್ರಿ ಏರುತ್ತದೆಂದು ಅವರಿಗೆ ಗೊತ್ತು. ಕೊಲ್ಲೂರಿನ ನವರಾತ್ರಿ, ಕೋಟೇಶ್ವರದ ಕೊಡಿ ಹಬ್ಬ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ಅವರ ತಲೆಯೊಳಗಿನ ಪಂಚಾಂಗದಲ್ಲಿವೆ. ಇದು ಯೋಜನೆಯಲ್ಲದೆ ಮತ್ತೇನು? ಬರೆದಿಟ್ಟಿಲ್ಲ, ಅಷ್ಟೆ.

ತೊಡಕು ಇರುವುದೂ ಅಲ್ಲೇ. ತಲೆಯೊಳಗಿನ ಪಂಚಾಂಗ ವರ್ಷವರ್ಷವೂ ಬರುವುದನ್ನು ಹೇಳುತ್ತದೆ. ಒಮ್ಮೆ ಮಾತ್ರ ಬಂದು ಎಲ್ಲವನ್ನೂ ಬದಲಿಸಿ ಹೋಗುವುದನ್ನು ಹೇಳುವುದಿಲ್ಲ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆ ಕಸುಬು ಕುಂದಾಪುರದವರೆಗೂ ಬಂದು ಎಷ್ಟೋ ಮನೆಗಳ ಒಲೆ ಉರಿಸಿತು. ಮುಂದೆ ಊರೂರಲ್ಲಿ ಕಾಂಕ್ರೀಟಿನ ತಾರಸಿ ಎದ್ದಿತು. ಮಣ್ಣು, ಕಟ್ಟಿಗೆ ದುಬಾರಿಯಾದವು. ಹೆಂಚಿನಲ್ಲಿ ದೋಷವಿರಲಿಲ್ಲ, ಮಾಡು ಬದಲಾಗಿತ್ತು. ಹೆದ್ದಾರಿಯ ಕಥೆಯೂ ಹೀಗೆಯೇ. ರಸ್ತೆ ಅಗಲವಾಗಿ ಮೇಲ್ಸೇತುವೆ ಎದ್ದಾಗ, ಬಸ್ಸು ನಿಲ್ಲುತ್ತಿದ್ದ ಜಾಗವನ್ನೇ ನಂಬಿದ್ದ ಚಹಾದಂಗಡಿಗೆ ಚಹಾ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಹಾಗಾದರೆ ಬದಲಾವಣೆಯನ್ನು ಎದುರಿಸುವುದು ಹೇಗೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಈಗಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಪಾರಂಪಳ್ಳಿಯಿಂದ ಮೈಯ ಸಹೋದರರು ಅಡುಗೆಯ ಕೈಗುಣವೊಂದನ್ನೇ ಬಂಡವಾಳ ಮಾಡಿಕೊಂಡು ಬೆಂಗಳೂರಿಗೆ ಹೋದರು. 1924ರಲ್ಲಿ ಲಾಲ್‌ಬಾಗ್ ಬಳಿ ಅವರು ತೆರೆದ ಪುಟ್ಟ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. 1951ರಲ್ಲಿ ಯಜ್ಞನಾರಾಯಣ ಮೈಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದು, ಅದನ್ನು ತಮ್ಮ ಅಡುಗೆಮನೆಯಲ್ಲಿ ನಡೆಸಿದರು. ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಯ ದರವನ್ನು ಸರ್ಕಾರ ತೀರಾ ಇಳಿಸಿದಾಗ, ಗುಣ ಕೆಡಿಸಿ ಹೋಟೆಲು ನಡೆಸುವುದಕ್ಕಿಂತ ಬಾಗಿಲು ಹಾಕುವುದೇ ಲೇಸೆಂದು ಕುಟುಂಬ ತೀರ್ಮಾನಿಸಿತು. ಕೆಲಸದವರನ್ನು ಬೀದಿಗೆ ಬಿಡದೆ ಮಸಾಲೆ ಪುಡಿ, ತಿಂಡಿಯ ಸಿದ್ಧ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರಿತು. ಹಾಗೆ ಬೆಳೆದ ಪೊಟ್ಟಣದ ವ್ಯಾಪಾರವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪೆನಿ ಕೊಂಡುಕೊಂಡಿತು. ಹೋಟೆಲು ಮಾತ್ರ ಮೈಯ ಕುಟುಂಬದಲ್ಲೇ ಉಳಿಯಿತು.

ಇಲ್ಲಿ ಗಮನಿಸಬೇಕಾದ್ದು ಅದೃಷ್ಟವನ್ನಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ತಿಳಿವಳಿಕೆಯನ್ನು. ಅಕ್ಕಿ ಬಿಟ್ಟರು, ಕೊನೆಗೆ ಸ್ವಲ್ಪ ಕಾಲ ಹೋಟೆಲನ್ನೂ ಬಿಟ್ಟರು. ರುಚಿ, ಶುಚಿ ಬಿಡಲಿಲ್ಲ.

ಯೋಜನೆಗೆ ದೊಡ್ಡ ಬಂಡವಾಳ ಬೇಕೆಂಬುದೂ ಭ್ರಮೆ. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿಯಿಂದ ಆರಂಭವಾದ ಸಂಸ್ಥೆಯೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ’ ಎಂಬ ಮಾತು ಕರಾವಳಿಯ ಅಂಗಡಿಗಳಲ್ಲಿ ಉಳಿಯಿತು. ಕುಂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎಂದ ಹಿರಿಯರ ಮಾತಿನ ಇನ್ನೊಂದು ಮುಖವಿದು.

ಬೈಂದೂರಿನಲ್ಲಾಗಲಿ ಬ್ರಹ್ಮಾವರದಲ್ಲಾಗಲಿ, ಅಂಗಡಿ ಇರುವ ಮನೆಯ ಮಕ್ಕಳು ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಇದಕ್ಕೆಂದೇ ಇಡಬಹುದು. ಅದರಲ್ಲಿ ನಾಲ್ಕೇ ಪ್ರಶ್ನೆ: ನಮ್ಮ ಗಿರಾಕಿಗಳು ಯಾರು, ಅವರು ನಮ್ಮಲ್ಲಿಗೇ ಏಕೆ ಬರುತ್ತಾರೆ? ಯಾವ ಸಾಮಾನಿನಲ್ಲಿ ನಿಜವಾಗಿ ಲಾಭವಿದೆ, ಯಾವುದು ಬರೇ ಜಾಗ ತಿನ್ನುತ್ತಿದೆ? ಉದ್ರಿ ಎಷ್ಟು, ಎಷ್ಟು ದಿನದ್ದು? ಎರಡು ತಿಂಗಳು ವ್ಯಾಪಾರ ನಿಂತರೆ ಬಾಡಿಗೆ, ಸಂಬಳ, ಸಾಲದ ಕಂತು ಹೇಗೆ? ವರ್ಷಕ್ಕೆರಡು ಬಾರಿ ಉತ್ತರ ಬರೆದು, ಹಿಂದಿನದರೊಡನೆ ಹೋಲಿಸಿದರೆ ಸಾಕು. ವಾಣಿಜ್ಯ ತರಗತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು.

ಆದರೆ ಈ ಪುಸ್ತಕ ತುಂಬಬೇಕಾದರೆ ಹಿರಿಯರು ಬಾಯಿ ಬಿಡಬೇಕು. ‘ನಮ್ಮ ಕಷ್ಟ ನಮಗಿರಲಿ, ನೀನು ಓದಿಕೋ’ ಎನ್ನುವುದು ಅನೇಕ ಮನೆಗಳ ಮಾತು. ಅದರಲ್ಲಿರುವುದು ಮಮತೆಯೇ. ಫಲ ಮಾತ್ರ ಬೇರೆ: ಮಕ್ಕಳಿಗೆ ಅಪ್ಪನ ದಣಿವು ಕಾಣುತ್ತದೆ, ಅಪ್ಪನ ಜಾಣ್ಮೆ ಕಾಣುವುದಿಲ್ಲ. ಮೂವತ್ತು ವರ್ಷ ಬೆಳೆಸಿದ ಅಂಗಡಿ ಕೊನೆಗೆ ಬರೇ ನಾಲ್ಕು ಗೋಡೆಯ ಬೆಲೆಗೆ ಹೋಗುತ್ತದೆ. ಮಗಳು ಎಂಜಿನಿಯರಾಗಲಿ, ಮಗ ಬೆಂಗಳೂರಿಗೆ ಹೋಗಲಿ, ತಪ್ಪೇನಿಲ್ಲ. ಬಿಟ್ಟು ಹೋಗುತ್ತಿರುವುದು ಏನೆಂದು ಅವರಿಗೆ ತಿಳಿದಿರಬೇಕು. ಅಂಗಡಿಯನ್ನು ಉಳಿಸಿಕೊಳ್ಳುವ ನಿರ್ಧಾರವಾಗಲಿ, ಮುಚ್ಚುವ ನಿರ್ಧಾರವಾಗಲಿ, ಲೆಕ್ಕ ನೋಡಿ ಮಾಡಿದ್ದಾಗಿರಲಿ.