ನಾನು ನಕ್ಕ ಒಂದು ಪ್ರಶ್ನೆ

2025ರ ಅಕ್ಟೋಬರ್ ತಿಂಗಳಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದ ಸುದ್ದಿಯನ್ನು ಓದುತ್ತಿದ್ದಾಗ, ಇಪ್ಪತ್ತೆರಡು ವರ್ಷಗಳ ಹಿಂದಿನ ನನ್ನದೊಂದು ತರಗತಿ ಕಣ್ಣೆದುರು ಬಂದು ನಿಂತಿತು.

ಅದು 2003ರ ಬರಗಾಲ. ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಸತತವಾಗಿ ಮೂರನೆಯ ವರ್ಷವೂ ಮಳೆ ಕೈಕೊಟ್ಟಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ತಡವಾಗಿ ಬರುತ್ತಿದ್ದಳು. ಟ್ಯಾಂಕರಿನ ಸಾಲಿನಲ್ಲಿ ಕೊಡವಿಟ್ಟು ಕಾಯುವುದು ಅವಳ ಪಾಲಿನ ಕೆಲಸ. ನಾನು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಶಿಸ್ತು ಎಂದರೆ ಅದೇ ಎಂದು ನಂಬಿದ್ದ ಕಾಲವದು.

ಅಂದು ಐಸ್‌ಕ್ಯಾಂಡಿಯವನಿಂದ ಮಂಜುಗಡ್ಡೆ ತಂದು ಸ್ಟೀಲ್ ಲೋಟಕ್ಕೆ ಹಾಕಿ, ಲೋಟದ ಹೊರಮೈಯಲ್ಲಿ ಹನಿಗಟ್ಟುವುದನ್ನು ತೋರಿಸುತ್ತಿದ್ದೆ. "ನೋಡಿ, ಈ ನೀರು ಗಾಳಿಯಿಂದ ಬಂದದ್ದು" ಎಂದೆ. ಬಾಗಿಲಿನಿಂದ ದನಿ ಬಂತು: "ಸಾರ್, ಅದನ್ನ ಕೊಡದಾಗೆ ಹಿಡಿಯಾಕಾಗಲ್ವಾ?" ತರಗತಿಯೆಲ್ಲ ಗೊಳ್ಳೆಂದಿತು. ನಾನೂ ನಕ್ಕು, "ಪಾಠ ಕೇಳು" ಎಂದು ಗದರಿಸಿ ಮುಂದುವರಿದೆ.

ಈಗ ನೊಬೆಲ್ ಪಡೆದವರು ಮೂವರು: ಜಪಾನಿನ ಸುಸುಮು ಕಿಟಗಾವಾ, ಆಸ್ಟ್ರೇಲಿಯಾದ ರಿಚರ್ಡ್ ರಾಬ್ಸನ್, ಅಮೆರಿಕದ ಓಮರ್ ಯಾಘಿ. ಯಾಘಿಯವರು 1965ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ತೀನಿ ನಿರಾಶ್ರಿತರ ಕುಟುಂಬದಲ್ಲಿ ಹುಟ್ಟಿದವರು. ಅಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಕೆಲವೇ ಗಂಟೆ ನೀರು ಬರುತ್ತಿತ್ತು. ಅದನ್ನು ಹಿಡಿದಿಡುವ ಕೆಲಸ ಬಾಲಕ ಯಾಘಿಯದೂ ಆಗಿತ್ತು.

ಇವರು ರೂಪಿಸಿದ ವಸ್ತುವಿಗೆ ಲೋಹ-ಸಾವಯವ ಚೌಕಟ್ಟು ಎನ್ನಬಹುದು. ಲೋಹದ ಅಯಾನುಗಳು ಮೂಲೆಗಂಬಗಳು, ಇಂಗಾಲದ ಅಣುಗಳು ಅಡ್ಡತೊಲೆಗಳು. ನಡುವೆ ಕಣ್ಣಿಗೆ ಕಾಣದ ಅಸಂಖ್ಯ ಕೋಣೆಗಳು. ಕೆಲವೇ ಗ್ರಾಂ ಪುಡಿಯ ಒಳಮೈ ಫುಟ್‌ಬಾಲ್ ಮೈದಾನದಷ್ಟು! ಶಿಕ್ಷಕನಾದ ನನಗೆ ಹಿಡಿಸಿದ ಸಂಗತಿಯೊಂದಿದೆ. ಇದರ ಮೊದಲ ಎಳೆ ಹುಟ್ಟಿದ್ದು ಪಾಠೋಪಕರಣದಲ್ಲಿ. 1974ರಲ್ಲಿ ರಾಬ್ಸನ್ ವಿದ್ಯಾರ್ಥಿಗಳಿಗಾಗಿ ಮರದ ಚೆಂಡುಗಳಿಂದ ಪರಮಾಣು ಮಾದರಿಗಳನ್ನು ಮಾಡಿಸುತ್ತಿದ್ದಾಗ, ರಂಧ್ರಗಳನ್ನು ಎಲ್ಲಿ ಕೊರೆಯುತ್ತೇವೋ ಅದೇ ಇಡೀ ರಚನೆಯನ್ನು ನಿರ್ಧರಿಸುತ್ತದೆ ಎಂದು ಅವರಿಗೆ ಹೊಳೆಯಿತು.

ಒಣಗಾಳಿಯನ್ನು ಬರಿದೇ ತಣಿಸಿ ನೀರು ತೆಗೆಯುವುದು ಬಹಳ ದುಬಾರಿ. ಈ ಚೌಕಟ್ಟುಗಳಲ್ಲಿ ಕೆಲವು ಒಣಗಾಳಿಯ ಅಲ್ಪಸ್ವಲ್ಪ ತೇವವನ್ನೂ ಹೀರಿ ಹಿಡಿದುಕೊಳ್ಳುತ್ತವೆ. ಬಿಸಿ ತಾಗಿದಾಗ ಅದನ್ನು ಆವಿಯಾಗಿ ಬಿಟ್ಟುಕೊಡುತ್ತವೆ. ಆ ದಟ್ಟವಾದ ಆವಿಯನ್ನು ನೀರಾಗಿಸುವುದು ಸುಲಭ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಲ್ಯೂಮಿನಿಯಂ ಆಧಾರಿತ ಇಂಥ ವಸ್ತು ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ ಕಿಲೋಗ್ರಾಮಿಗೆ ದಿನಕ್ಕೆ 0.7 ಲೀಟರ್ ನೀರು ಕೊಟ್ಟಿತು.

ಲೆಕ್ಕದ ಮೇಷ್ಟ್ರಂತೆಯೂ ಯೋಚಿಸೋಣ. 0.7 ಲೀಟರ್ ಎಂದರೆ ಮೂರು ಲೋಟ. ನಮ್ಮ ಜಲಜೀವನ ಯೋಜನೆ ಗ್ರಾಮೀಣರಿಗೆ ನಿಗದಿಪಡಿಸಿದ್ದು ತಲೆಗೆ ದಿನಕ್ಕೆ 55 ಲೀಟರ್. ಆದ್ದರಿಂದ ಈ ಪುಡಿ ಬಂತೆಂದು ಬಯಲುಸೀಮೆಯ ಕೆರೆಗಳ ಹೂಳೆತ್ತುವುದನ್ನು ಯಾರೂ ಬಿಡಬಾರದು. ಆದರೆ ಬಾಯಾರಿದವನಿಗೆ ಮೂರು ಲೋಟ ನೀರು ಸಣ್ಣದಲ್ಲ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಅಂದು ನನ್ನಲ್ಲಿರಲಿಲ್ಲ. ಅದು ತಪ್ಪಲ್ಲ. ನಕ್ಕದ್ದು ತಪ್ಪು. ಮುಂಜಾನೆಯಿಂದ ನೀರಿಗಾಗಿ ಕಾದು ಬಂದವಳಿಗೆ ಆ ಹನಿಗಳಲ್ಲಿ ನನಗೆ ಕಾಣದ್ದು ಕಂಡಿತ್ತು. ಎಸ್.ಎಸ್.ಎಲ್.ಸಿ.ಗೆ ಮೊದಲೇ ಅವಳು ಶಾಲೆ ಬಿಟ್ಟಳು. ಏಕೆಂದು ನಾನು ವಿಚಾರಿಸಲೂ ಇಲ್ಲ.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ತಡವಾಗಿ ಬಂದವರನ್ನು ಒಳಗೆ ಕರೆದು ಕೂರಿಸಿ. ಅವಳೇನಾದರೂ ನಿಮಗೆ ಸಿಕ್ಕರೆ, "ಹಿಡಿಯಬಹುದಂತೆ ಕಣಮ್ಮ, ಮೇಷ್ಟ್ರು ಹೇಳಿಕಳಿಸಿದ್ದಾರೆ" ಎಂದು ತಿಳಿಸಿ.