ಚಿಕ್ಕಮ್ಮನ ಮುಖದ ಗಾಯ ಎಷ್ಟು ಸೆಂಟಿಮೀಟರ್?

ಹೊಸಹಳ್ಳಿಯಲ್ಲಿರೋ ನಮ್ಮ ಚಿಕ್ಕಮ್ಮ ಕಸದ ಆಟೋದಲ್ಲಿ ಹೆಲ್ಪರ್. ಹೋದ ತಿಂಗಳು ಯಾರೋ ಒಡೆದ ಗಾಜನ್ನ ಹಾಗೇ ಕವರ್‌ಗೆ ತುಂಬಿ ಕೊಟ್ಟಿದ್ದಾರೆ. ಎತ್ತಿ ಹಾಕುವಾಗ ಕವರ್ ಹರಿದು ಚೂರು ಮುಖಕ್ಕೆ ಬಡಿದಿದೆ. ಹುಬ್ಬಿನ ಮೇಲೊಂದು ಗಾಯ, ಕೆನ್ನೆ ಮೇಲೊಂದು. ಆಳ ಇರಲಿಲ್ಲ, ಆದ್ರೆ ರಕ್ತ ನಿಲ್ತಿರಲಿಲ್ಲ. ಹತ್ತಿರದ ಖಾಸಗಿ ನರ್ಸಿಂಗ್ ಹೋಮ್‌ಗೆ ಓಡಿದ್ವಿ. ಅರ್ಧ ಗಂಟೆ, ಐದು ಹೊಲಿಗೆ, ಬಿಲ್ಲು 6,800 ರೂಪಾಯಿ. ಅದರಲ್ಲಿ 'ಮೈನರ್ ಪ್ರೊಸೀಜರ್ – 2' ಅಂತ ಒಂದು ಸಾಲು, 'ಇತರೆ' ಅಂತ ಇನ್ನೊಂದು.

"ಎರಡು ಯಾಕ್ ಸಾರ್?"

"ಎರಡು ಗಾಯ ಅಲ್ವೇನ್ರೀ?"

ಚಿಕ್ಕಮ್ಮನ ಮಗಳು ಮೆಡಿಕಲ್ ಕೋಡಿಂಗ್ ಕಂಪನಿಯಲ್ಲಿದ್ದಾಳೆ. ಅಮೆರಿಕದ ರೋಗಿಗಳ ದಾಖಲೆ ಓದಿ ಬಿಲ್ಲಿಗೆ ಕೋಡ್ ಹಾಕೋ ಕೆಲಸ. ಬಿಲ್ ನೋಡಿ ಅಂದಳು: "ಅಣ್ಣಾ, ಅಲ್ಲಿ ಮುಖದ ಸಾದಾ ಹೊಲಿಗೆಗೆ ಅಳತೆ ಮೇಲೆ ಕೋಡ್. 2.5 ಸೆಂಟಿಮೀಟರ್ ತನಕ 12011. 2.6ರಿಂದ 5ರ ತನಕ 12013. ಮುಖದಲ್ಲಿ ಇಂಥವೇ ಎರಡು ಗಾಯ ಇದ್ರೆ ಉದ್ದ ಕೂಡಿಸಿ ಒಂದೇ ಕೋಡ್. ಎರಡು ಸಲ ಹಾಕಂಗಿಲ್ಲ."

ಯಾರದ್ದೋ ಮುಖದ ಗಾಯದ ಅಳತೆ ದಿನಾ ನೋಡೋ ಹುಡುಗಿ. ಅವಳ ಅವ್ವನ ಚೀಟಿಯಲ್ಲಿ ಬರೆದಿದ್ದು 'ಮುಖದ ಗಾಯ, ಹೊಲಿಗೆ ಹಾಕಿದೆ' ಅಂತ ಮಾತ್ರ.

ಅಮೆರಿಕ ಬಡವರ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಆಸ್ಪತ್ರೆ ಬಿಲ್ಲಿಗೆ ಮನೆ ಮುಳುಗಿದೋರು ಅಲ್ಲೂ ಇದಾರೆ. ಅಲ್ಲಿ ಅಳತೆ ಬರೆಯೋದು ದುಡ್ಡು ಕೊಡೋ ವಿಮಾ ಕಂಪನಿ ಪ್ರಶ್ನೆ ಕೇಳುತ್ತೆ ಅಂತ. ಇಲ್ಲಿ ದುಡ್ಡು ಕೊಡೋರು ನಾವು. ನಾವು ಕೇಳಲ್ಲ. ಅಕ್ಷರ ಕಲಿತಿರೋ ನಾವೂ ಕೌಂಟರ್ ಮುಂದೆ ಕೈಕಟ್ಟಿ ನಿಲ್ತೀವಿ.

ಕೇಳೋಕೆ ಕಾನೂನಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಚಿಕಿತ್ಸೆಯ ದರಪಟ್ಟಿ ರೋಗಿಗೆ ಸಿಗಬೇಕು, ಅದಕ್ಕಿಂತ ಹೆಚ್ಚು ವಸೂಲಿ ಮಾಡಂಗಿಲ್ಲ. 2017ರಲ್ಲಿ ಇದಕ್ಕೆ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಆಮೇಲೆ ದೂರು ಕೇಳೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವೂ ಬಂತು.

ಅಳತೆ ಬಿಲ್ಲಿಗೆ ಮಾತ್ರ ಅಲ್ಲ. ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಕೇಳುವಾಗಲೂ, ಜಾತಿ ಹಲ್ಲೆ ಕೇಸಿನ ವೂಂಡ್ ಸರ್ಟಿಫಿಕೇಟ್‌ನಲ್ಲೂ ಅದು ಬೇಕು. ಬರೆಯದ ಗಾಯ ಕೋರ್ಟಲ್ಲಿ ಗಾಯವೇ ಅಲ್ಲ.

ಚಿಕ್ಕಮ್ಮ ಅಂದ್ರು, "ಹೋಗ್ಲಿ ಬಿಡಪ್ಪಾ, ನಮ್ಮ ಮುಖ ನೋಡೋರ್ಯಾರು?"

ಹೊಲಿಗೆ ಬಿಚ್ಚಿಸೋ ದಿನ ಮಗಳು ಸ್ಕೇಲ್ ಹಿಡ್ಕೊಂಡೇ ಬಂದಳು. ಹುಬ್ಬು 2, ಕೆನ್ನೆ ಒಂದೂವರೆ. ಒಟ್ಟು 3.5 ಸೆಂಟಿಮೀಟರ್. "ಇದನ್ನ ಬರ್ಕೊಡಿ ಡಾಕ್ಟ್ರೇ" ಅಂದಳು. ಗೊಣಗಿಕೊಂಡೇ ಬರೆದುಕೊಟ್ಟರು. ದರಪಟ್ಟಿ ಕೇಳಿದ್ದಕ್ಕೆ ಇನ್ನೂ ಉತ್ತರ ಇಲ್ಲ. ದೂರು ಬರೀತಿದ್ದೀವಿ.

ನಿಮ್ಮವರಿಗೂ ಹೀಗಾದ್ರೆ ಮೂರು ಕೇಳಿ: ಗಾಯದ ಅಳತೆ, ದರಪಟ್ಟಿ, ಬಿಡಿಬಿಡಿಯಾಗಿ ಬರೆದ ಬಿಲ್ಲು.

ಜೈ ಭೀಮ್.